ಕಾಫಿ ಕಷಾಯದಲ್ಲಿ ಹುಟ್ಟಿದ ಚಿನ್ನ-ಬೆಳ್ಳಿ ಕಣ: ಮಿಶ್ರಲೋಹ ಎನ್ನಬಹುದಾ?

ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿನಿಯರು ಮಾಡಿದ ಪ್ರಾಜೆಕ್ಟ್ ಇದು. ಹುರಿಯದ ಕಾಫಿ ಬೀಜದ ಕಷಾಯ ಬಳಸಿ ಚಿನ್ನ ಮತ್ತು ಬೆಳ್ಳಿಯ ಮಿಶ್ರಲೋಹ ನ್ಯಾನೋಕಣ ತಯಾರಿಸುವುದು ಅವರ ಉದ್ದೇಶ. ವರದಿ ಹೆಚ್ಚುಕಡಿಮೆ ಮುಗಿದಿತ್ತು. ಶೀರ್ಷಿಕೆಯಲ್ಲಿ ‘ಮಿಶ್ರಲೋಹ’ ಎಂದೇ ಬರೆದಾಗಿತ್ತು. ಅಷ್ಟು ಹೇಳಲು ಪುರಾವೆ ಸಾಲುತ್ತದೆಯಾ ನೋಡಿ ಎಂದು ಅವರ ಮಾರ್ಗದರ್ಶಕರು ನನ್ನನ್ನು ಕೇಳಿದರು. ಮುಂದೆ ಏನೇನು ನೋಡಿದೆವು, ಯಾವುದನ್ನು ನಂಬಿದೆವು, ಯಾವುದನ್ನು ಬಿಟ್ಟೆವು ಎಂದು ಪೂರ್ತಿ ಬರೆಯುತ್ತಿದ್ದೇನೆ. ಎಲೆ, ಸಿಪ್ಪೆ, ಬೀಜ ಹೀಗೆ ಕೈಗೆ ಸಿಕ್ಕಿದ್ದನ್ನು ಬಳಸಿ ನ್ಯಾನೋಕಣ ಮಾಡುವವರು ಈಗ ಬಹಳ ಮಂದಿ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಕೈಯಲ್ಲಿ ಇದ್ದದ್ದು

ವಿಧಾನ ಸರಳ. ಮೂಡಿಗೆರೆ ಕಡೆಯ ತೋಟದ ರೋಬಸ್ಟಾ ಬೀಜ, ಹುರಿಯದೆ ಪುಡಿ ಮಾಡಿ, ಬಿಸಿನೀರಿನಲ್ಲಿ ಕಾಯಿಸಿ ಸೋಸಿದ್ದು. ಹಸಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲಗಳು ಧಾರಾಳವಾಗಿ ಇರುತ್ತವೆ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಜಾಸ್ತಿ. ಹುರಿದಷ್ಟೂ ಕಡಿಮೆಯಾಗುತ್ತವೆ. ಲೋಹದ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹವಾಗಿಸುವ ಕೆಲಸ ಮುಖ್ಯವಾಗಿ ಇವುಗಳದ್ದು. ಈ ಕಷಾಯಕ್ಕೆ ಚಿನ್ನ ಕೊಡುವ ಕ್ಲೋರೋಆರಿಕ್ ಆಮ್ಲ ಮತ್ತು ಬೆಳ್ಳಿ ಕೊಡುವ ಸಿಲ್ವರ್ ನೈಟ್ರೇಟ್ ಎರಡನ್ನೂ ಒಟ್ಟಿಗೆ ಹಾಕಿದ್ದರು. ಕೊನೆಯಲ್ಲಿ ಪ್ರತಿಯೊಂದೂ 0.5 ಮಿಲಿಮೋಲಾರ್ ಇರುವಂತೆ ಅಳತೆ. 80 ಡಿಗ್ರಿಯಲ್ಲಿ ಒಂದು ಗಂಟೆ. ದ್ರಾವಣ ಹಳದಿಯಿಂದ ಕಿತ್ತಳೆಗೆ, ಆಮೇಲೆ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತ್ತು.

ಮಿಶ್ರಲೋಹ ಆಗಿದೆ ಎನ್ನಲು ವರದಿಯಲ್ಲಿ ಮೂರು ಪುರಾವೆ ಇದ್ದವು.

ಮೊದಲನೆಯದು ಬಣ್ಣದ ಅಳತೆ. ಸಣ್ಣ ಚಿನ್ನದ ಕಣಗಳು ನೀರಿನಲ್ಲಿ ಸುಮಾರು 520 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ತರಂಗಾಂತರದ ಬೆಳಕನ್ನು ಜೋರಾಗಿ ಹೀರುತ್ತವೆ, ಬೆಳ್ಳಿಯವು ಸುಮಾರು 400ರಲ್ಲಿ. ಎರಡೂ ಬೇರೆ ಬೇರೆ ಕಣಗಳಾಗಿ ಬೆರೆತಿದ್ದರೆ ಅಳತೆಯ ಗ್ರಾಫಿನಲ್ಲಿ ಎರಡು ಶಿಖರ ಕಾಣಬೇಕು. ಪೂರ್ತಿ ಬೆರೆತ ಮಿಶ್ರಲೋಹ ಆದರೆ ನಡುವೆ ಒಂದೇ ಶಿಖರ. ಇವರಿಗೆ 490ರ ಆಸುಪಾಸಿನಲ್ಲಿ ಒಂದೇ ಶಿಖರ ಬಂದಿತ್ತು, ಅದರ ಎಡಕ್ಕೆ ಸ್ವಲ್ಪ ಉಬ್ಬು. ಬೇರೆ ಬೇರೆ ಕಣಗಳ ಬೆರಕೆ ಅಲ್ಲ ಎನ್ನುವುದಕ್ಕೆ ಇದು ಒಳ್ಳೆಯ ಪುರಾವೆ. ಆದರೆ ಮೂರನೇ ಸಾಧ್ಯತೆ ಒಂದು ಉಳಿಯುತ್ತದೆ. ಹೋಳಿಗೆಯಲ್ಲಿ ಹೂರಣ ಒಳಗೆ, ಕಣಕ ಹೊರಗೆ ಇರುವ ಹಾಗೆ ಚಿನ್ನ ಒಳಗಿದ್ದು ಬೆಳ್ಳಿ ತೆಳುವಾಗಿ ಹೊರಗೆ ಸುತ್ತಿರಬಹುದು. ಆಗಲೂ ಚಿನ್ನದ ಶಿಖರ ಎಡಕ್ಕೆ ಸರಿಯುತ್ತದೆ, ಶಿಖರ ಒಂದೇ ಕಾಣುತ್ತದೆ. ಇನ್ನೊಂದು ಮಾತು: ಎರಡೂ ಲೋಹ ಸಮ ಪ್ರಮಾಣದಲ್ಲಿ ಪೂರ್ತಿ ಬೆರೆತಿದ್ದರೆ ಶಿಖರ 460ರ ಹತ್ತಿರ ಇರಬೇಕಿತ್ತು. 490 ಎಂದರೆ ಕಣದೊಳಗೆ ಬೆಳ್ಳಿ ಕಡಿಮೆ ಇದೆ, ಅಥವಾ ಅದು ಬೇರೆ ರೀತಿ ಕೂತಿದೆ.

ಎರಡನೆಯದು ಎಕ್ಸ್-ರೇ ಡಿಫ್ರ್ಯಾಕ್ಷನ್, ಅಂದರೆ ಎಕ್ಸ್-ರೇ ಚದುರುವ ಕೋನದಿಂದ ಸ್ಫಟಿಕದ ಪರಮಾಣುಗಳ ಅಂತರ ಅಳೆಯುವುದು. ಇದನ್ನು ಪುರಾವೆ ಎಂದು ಒಪ್ಪಲು ಆಗುವುದೇ ಇಲ್ಲ. ಚಿನ್ನ, ಬೆಳ್ಳಿ ಎರಡರದ್ದೂ ಒಂದೇ ಥರದ ಸ್ಫಟಿಕ ರಚನೆ, ಪರಮಾಣುಗಳ ಅಂತರವೂ ಹೆಚ್ಚುಕಡಿಮೆ ಒಂದೇ. ಜಾಲದ ಅಳತೆ ಚಿನ್ನಕ್ಕೆ 0.408 ನ್ಯಾನೋಮೀಟರ್, ಬೆಳ್ಳಿಗೆ 0.409. ಮುಖ್ಯ ಶಿಖರಗಳು 38.2 ಮತ್ತು 38.1 ಡಿಗ್ರಿಯ ಹತ್ತಿರ ಬರುತ್ತವೆ. 10 ನ್ಯಾನೋಮೀಟರ್ ಕಣದ ಶಿಖರವೇ ಸುಮಾರು 0.8 ಡಿಗ್ರಿ ಅಗಲ ಇರುವಾಗ ಆ ವ್ಯತ್ಯಾಸ ಎಲ್ಲಿ ಕಾಣಬೇಕು? ಚಿನ್ನ-ತಾಮ್ರ ಅಥವಾ ಪ್ಲಾಟಿನಂ-ನಿಕಲ್ ಆಗಿದ್ದರೆ ಇದೇ ಪರೀಕ್ಷೆ ಬಹಳ ಹೇಳುತ್ತಿತ್ತು. ಚಿನ್ನ-ಬೆಳ್ಳಿ ಜೋಡಿಗೆ ಮಾತ್ರ ಇದು ಮೂಕ.

ಮೂರನೆಯದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ. ದುಂಡಗಿನ ಕಣಗಳು, ಅವುಗಳ ಮೇಲೆ 0.235 ನ್ಯಾನೋಮೀಟರ್ ಅಂತರದ ಗೆರೆಗಳು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆದರೆ ಆ 0.235 ಚಿನ್ನಕ್ಕೂ ಸರಿ, ಬೆಳ್ಳಿಗೂ ಸರಿ. ಜೊತೆಗೆ ದೊಡ್ಡ ಜಾಗವೊಂದರ ಇಡಿಎಸ್ ಸ್ಪೆಕ್ಟ್ರಮ್ ಇತ್ತು. ಎಲೆಕ್ಟ್ರಾನ್ ಕಿರಣ ಬಿದ್ದಾಗ ಮೂಲವಸ್ತುಗಳು ಹೊರಬಿಡುವ ಎಕ್ಸ್-ರೇಯನ್ನು ಅಳೆಯುವ ವಿಧಾನ ಅದು. ಅದರಲ್ಲಿ ಎರಡೂ ಲೋಹ ಇದ್ದವು. ನೂರಾರು ಕಣ ಇರುವ ಜಾಗದಲ್ಲಿ ಎರಡೂ ಸಿಗುವುದು ಸಹಜ ಅಲ್ವಾ? ಒಂದೊಂದು ಕಣದೊಳಗೆ ಎರಡೂ ಹೇಗೆ ಕೂತಿವೆ ಎಂಬುದೇ ಪ್ರಶ್ನೆ.

ಬಿಳಿ ಮಬ್ಬು

ಪ್ರಯೋಗದ ನೋಟ್‌ಬುಕ್ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಸಿಲ್ವರ್ ನೈಟ್ರೇಟ್ ಹಾಕಿದ ತಕ್ಷಣ ದ್ರಾವಣ ಕೊಂಚ ಬೆಳ್ಳಗಾಯಿತು, ಆಮೇಲೆ ಬಣ್ಣ ಬಂದು ಅದು ಕಾಣಲಿಲ್ಲ ಎಂದು ಒಬ್ಬಳು ಬರೆದಿಟ್ಟಿದ್ದಳು. ವರದಿಯಲ್ಲಿ ಇದು ಇರಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತಿ ಬೆಲೆಬಾಳುವ ಸಾಲು ಅದೇ.

ಬೆಳ್ಳಿ ಅಯಾನು ಕ್ಲೋರೈಡ್‌ಗೆ ಸಿಕ್ಕರೆ ನೀರಿನಲ್ಲಿ ಕರಗದ ಬಿಳಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಮೊದಲು ಎಲ್ಲರ ಅನುಮಾನ ನೀರಿನ ಮೇಲೆ ಹೋಯಿತು. ಬೋರ್‌ವೆಲ್ ನೀರಿನ ಕ್ಲೋರೈಡ್ ಇರಬಹುದಾ ಎಂದು. ಬಳಸಿದ್ದು ಡಿಸ್ಟಿಲ್ಡ್ ನೀರೇ ಎಂದು ಗೊತ್ತಾಯಿತು. ಹಾಗಾದರೆ ಕ್ಲೋರೈಡ್ ಎಲ್ಲಿಂದ? ಚಿನ್ನದ ಉಪ್ಪಿನಿಂದಲೇ. ಕ್ಲೋರೋಆರಿಕ್ ಆಮ್ಲದಲ್ಲಿ ಒಂದು ಚಿನ್ನದ ಪರಮಾಣುವಿಗೆ ನಾಲ್ಕು ಕ್ಲೋರಿನ್ ಇರುತ್ತವೆ. ಚಿನ್ನ ಲೋಹವಾಗುತ್ತಾ ಹೋದಂತೆ ಆ ನಾಲ್ಕೂ ಬಿಡುಗಡೆಯಾಗುತ್ತವೆ. 0.5 ಮಿಲಿಮೋಲಾರ್ ಚಿನ್ನಕ್ಕೆ 2 ಮಿಲಿಮೋಲಾರ್ ಕ್ಲೋರೈಡ್. ಎರಡನ್ನೂ ಮೋಲಾರ್‌ನಲ್ಲಿ ಬರೆದು, ಅದನ್ನು ಬೆಳ್ಳಿಯ ಪ್ರಮಾಣದಿಂದ ಗುಣಿಸಿದರೆ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸಂಖ್ಯೆ ಬರುತ್ತದೆ. ಸಿಲ್ವರ್ ಕ್ಲೋರೈಡ್ ಕರಗಿಯೇ ಇರಲು ಕೋಣೆಯ ಉಷ್ಣತೆಯಲ್ಲಿ ಇರುವ ಮಿತಿಗಿಂತ ಇದು ಐದು ಸಾವಿರ ಪಟ್ಟಿಗೂ ಜಾಸ್ತಿ. ಅಂದರೆ ಹಾಕಿದ ಬೆಳ್ಳಿಯಲ್ಲಿ ಒಂದು ಪಾಲು ಕಣದೊಳಗೆ ಹೋಗುವ ಬದಲು ಸಿಲ್ವರ್ ಕ್ಲೋರೈಡ್ ಆಗಿ ಕೂತಿರುವ ಸಾಧ್ಯತೆ ಬಲವಾಗಿತ್ತು. ಶಿಖರ 460ಕ್ಕೆ ಬಾರದೆ 490ರಲ್ಲಿ ನಿಂತದ್ದಕ್ಕೂ ಇದು ಹೊಂದುತ್ತದೆ.

ಇನ್ನೊಂದು ಅನುಮಾನ ಕ್ರಮದ ಬಗ್ಗೆ. ಚಿನ್ನದ ಕ್ಲೋರೈಡ್ ಅಯಾನು ಲೋಹವಾಗುವ ವಿಭವ 1.00 ವೋಲ್ಟ್, ಬೆಳ್ಳಿಯದ್ದು 0.80. ಇದು ಜಾಸ್ತಿ ಇದ್ದಷ್ಟೂ ಲೋಹವಾಗುವುದು ಸುಲಭ. ಕಾಫಿ ಕಷಾಯ ಸೌಮ್ಯ ಅಪಕರ್ಷಕ, ಅಂದರೆ ಎಲೆಕ್ಟ್ರಾನ್ ಕೊಡುವ ಬಲ ಅದಕ್ಕೆ ಕಡಿಮೆ. ಸೌಮ್ಯ ಅಪಕರ್ಷಕ ಇದ್ದಾಗ ಸುಲಭವಾದದ್ದು ಮೊದಲು ಆಗುತ್ತದೆ. ಚಿನ್ನ ಮೊದಲು ಕಣವಾಗಿ, ಆಮೇಲೆ ಅದರ ಮೇಲ್ಮೈ ಮೇಲೆ ಬೆಳ್ಳಿ ಕೂರುವುದು ಸ್ವಾಭಾವಿಕ. ಒಟ್ಟಿಗೆ ಹಾಕಿದ ಮಾತ್ರಕ್ಕೆ ಒಟ್ಟಿಗೆ ಹುಟ್ಟುವುದಿಲ್ಲ.

ಹಾಗಾಗಿ ಕೊನೆಯ ಕಣವನ್ನಷ್ಟೇ ನೋಡಿದರೆ ಸಾಲದು, ಅದು ಹೇಗೆ ಆಯಿತು ಎಂಬುದನ್ನೇ ನೋಡಬೇಕು ಎಂದು ತೀರ್ಮಾನಿಸಿದೆವು.

ನೇರವಾಗಿ ನೋಡಬಹುದಲ್ಲ?

ಇದು ವಿದ್ಯಾರ್ಥಿನಿಯರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಸೂಕ್ಷ್ಮದರ್ಶಕದೊಳಗೆ ಗಾಢ ನಿರ್ವಾತ ಇರುತ್ತದೆ, ದ್ರವ ಇಟ್ಟರೆ ಆವಿಯಾಗಿ ಹೋಗುತ್ತದೆ. 1931ರಲ್ಲಿ ಕ್ನೋಲ್ ಮತ್ತು ರುಸ್ಕ ಮೊದಲ ಉಪಕರಣ ಕಟ್ಟಿದಾಗಿನಿಂದ ಈ ತೊಡಕು ಇದ್ದೇ ಇದೆ. ಸಿಲಿಕಾನ್ ನೈಟ್ರೈಡ್‌ನ ಎರಡು ಅತಿ ತೆಳು ಕಿಟಕಿಗಳ ನಡುವೆ ದ್ರವವನ್ನು ಮುಚ್ಚಿಟ್ಟು ನೋಡುವ ದ್ರವಕೋಶಗಳು ಬಂದ ಮೇಲೆ ದಾರಿ ತೆರೆಯಿತು. 2009ರಲ್ಲಿ ಅಮೆರಿಕದ ಬರ್ಕ್ಲಿಯ ತಂಡವೊಂದು ಪ್ಲಾಟಿನಂ ಕಣಗಳು ದ್ರವದಲ್ಲಿ ಬೆಳೆಯುವುದನ್ನು ಹೀಗೆ ಸೆರೆಹಿಡಿಯಿತು. ಕೆಲವು ಕಣ ಒಂದೊಂದೇ ಪರಮಾಣು ಸೇರಿಸಿಕೊಂಡು ಬೆಳೆದವು, ಕೆಲವು ಎರಡು ಸೇರಿ ಒಂದಾದವು. ಅದನ್ನು ಓದಿದಾಗ ಆದ ಸಂತೋಷ ನನಗೆ ಇಂದಿಗೂ ಇದೆ.

ಆದರೆ ಅಲ್ಲಿ ಕಣ ಹುಟ್ಟಿಸಿದ್ದೇ ಎಲೆಕ್ಟ್ರಾನ್ ಕಿರಣ. ನೀರಿನ ಮೇಲೆ ಆ ಕಿರಣ ಬಿದ್ದರೆ ನೀರು ಒಡೆದು ಸ್ವತಂತ್ರ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ, ಅವು ಯಾವ ಕಷಾಯಕ್ಕಿಂತಲೂ ಜೋರಾದ ಅಪಕರ್ಷಕ. ಕಾಫಿ ಏನು ಮಾಡುತ್ತದೆ ಎಂದು ತಿಳಿಯಬೇಕಾದ ನಮಗೆ ಅದು ಉತ್ತರ ಕೊಡುತ್ತಿರಲಿಲ್ಲ. ದ್ರವಕೋಶದ ಖರ್ಚು ಬೇರೆ ಮಾತು. ಆದ್ದರಿಂದ ಹಳೆಯ ದಾರಿ ಹಿಡಿದೆವು: ಪ್ರಯೋಗಾಲಯದಲ್ಲೇ ಕ್ರಿಯೆ ನಡೆಸುವುದು, 1, 5, 20 ಮತ್ತು 60 ನಿಮಿಷಕ್ಕೆ ಒಂದೊಂದು ಹನಿ ತೆಗೆದು ಗ್ರಿಡ್ ಮೇಲೆ ನಿಲ್ಲಿಸುವುದು.

ಗ್ರಿಡ್ ಕೆಲಸ

ಗ್ರಿಡ್ ಎಂದರೆ ಸುಮಾರು 3 ಮಿಲಿಮೀಟರ್ ಅಗಲದ ತಾಮ್ರದ ಜಾಲರಿ, ಮೇಲೆ ಇಂಗಾಲದ ತೆಳು ಪೊರೆ. ಚಿಮಟದಲ್ಲಿ ಅಂಚು ಹಿಡಿದು, ಪೊರೆ ಮೇಲಿರುವಂತೆ ನೋಡಿಕೊಂಡು, ಒಂದು ಹನಿ ಇಡಬೇಕು. ಕೆಲವು ಸೆಕೆಂಡಿನಲ್ಲಿ ಸೋಸುಕಾಗದದ ಅಂಚು ತಾಗಿಸಿದರೆ ಹನಿ ಅದಕ್ಕೆ ಎಳೆದುಕೊಳ್ಳುತ್ತದೆ. ತಕ್ಷಣ ತಣ್ಣೀರಿನ ಹನಿ, ಮತ್ತೆ ಕಾಗದ, ಮತ್ತೆ ತಣ್ಣೀರು. ಇದನ್ನು ಸುಮ್ನೆ ಶುಚಿಗಾಗಿ ಮಾಡುವುದಲ್ಲ. ಹನಿಯನ್ನು ಹಾಗೇ ಒಣಗಲು ಬಿಟ್ಟರೆ ನೀರು ಕಡಿಮೆಯಾದಂತೆ ಉಪ್ಪು ದಪ್ಪವಾಗಿ ಕ್ರಿಯೆ ಮುಂದುವರಿಯುತ್ತದೆ, ಒಂದು ನಿಮಿಷದ ಮಾದರಿ ಎಂದು ಬರೆದದ್ದು ಅರ್ಧ ಗಂಟೆಯ ಮಾದರಿ ಆಗಿಬಿಡುತ್ತದೆ. ತಾಮ್ರದ್ದೂ ಒಂದು ತಕರಾರು. ಉಳಿದ ಬೆಳ್ಳಿ ಅಯಾನು ಪೊರೆಯ ಬಿರುಕಿನಲ್ಲಿ ತಾಮ್ರಕ್ಕೆ ತಾಗಿದರೆ ತಾಮ್ರವೇ ಅದನ್ನು ಲೋಹವಾಗಿಸುತ್ತದೆ. ಜಾಲರಿಯ ಕಂಬಿ ಪಕ್ಕದ ಕಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಮೊದಲೇ ನಿಯಮ ಮಾಡಿಕೊಂಡೆವು.

ದ್ರಾವಣವನ್ನು ಬಾಟಲಿಯಲ್ಲಿ ಬೆಂಗಳೂರಿಗೆ ಒಯ್ಯದೆ ಗ್ರಿಡ್‌ಗಳನ್ನೇ ಒಯ್ದದ್ದೂ ಇದೇ ಕಾರಣಕ್ಕೆ. ಹಾಸನದ ಮೇಲೆ ಸುಮಾರು 240 ಕಿಲೋಮೀಟರ್ ಹೋಗುವಷ್ಟರಲ್ಲಿ ಬಾಟಲಿಯೊಳಗೆ ಕ್ರಿಯೆ ಸುಮ್ಮನಿರುವುದಿಲ್ಲ. ಉಳಿದ ಚಿನ್ನದ ಅಯಾನು ಕಣದ ಮೇಲಿನ ಬೆಳ್ಳಿಯನ್ನು ಕರಗಿಸಿ ಆ ಜಾಗದಲ್ಲಿ ತಾನು ಕೂರಬಲ್ಲದು: ಮೂರು ಬೆಳ್ಳಿ ಪರಮಾಣು ಹೋಗಿ ಒಂದು ಚಿನ್ನ ಬರುತ್ತದೆ.

ನಾಲ್ಕು ಮಾದರಿಗಳ ಜೊತೆ ಇನ್ನೂ ಎರಡು ಗ್ರಿಡ್ ಮಾಡಿದೆವು. ಒಂದರ ಮೇಲೆ ಬರೀ ಕಷಾಯ. ಇನ್ನೊಂದರ ಮೇಲೆ ಮಂಜಿನಷ್ಟು ತಣ್ಣಗಿನ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ ಕೂಡಲೇ ಹನಿ ತೆಗೆದದ್ದು, ಅಂದರೆ ಕಣ ಇರಬಾರದ ಮಾದರಿ. ಸೂಕ್ಷ್ಮದರ್ಶಕದ ಸಮಯ ದುಬಾರಿ, ಖಾಲಿ ಗ್ರಿಡ್‌ಗೆ ಅದನ್ನು ಯಾಕೆ ಕಳೆಯಬೇಕು ಎಂದು ಒಬ್ಬಳಿಗೆ ಅನ್ನಿಸಿತ್ತು. ಕೊನೆಗೆ ನಮ್ಮನ್ನು ಉಳಿಸಿದ್ದು ಆ ಎರಡು ಗ್ರಿಡ್‌ಗಳೇ.

ಪರದೆಯ ಮುಂದೆ

200 ಕಿಲೋವೋಲ್ಟ್ ಉಪಕರಣ. ಮೊದಲು ಒಂದು ನಿಮಿಷದ ಗ್ರಿಡ್. ಸುಮಾರು 5 ನ್ಯಾನೋಮೀಟರ್‌ನ ಕಪ್ಪು ಚುಕ್ಕೆಗಳು ಅಲ್ಲಲ್ಲಿ, ನಡುವೆ ಕಷಾಯದ ಮಬ್ಬು ತೇಪೆ. ದೊಡ್ಡದು ಮಾಡಿ ಒಂದು ತೇಪೆಯ ಮೇಲೆ ನಿಂತೆವು. ಸ್ವಲ್ಪ ಹೊತ್ತಿಗೆ ಆ ತೇಪೆಯಲ್ಲಿ ಹೊಸ ಚುಕ್ಕೆಗಳು ಮೂಡತೊಡಗಿದವು. ಮೊದಲು ಇದೆಯೋ ಇಲ್ಲವೋ ಎನ್ನುವಷ್ಟು, ಆಮೇಲೆ ಸ್ಪಷ್ಟ, ಆಮೇಲೆ ಪಕ್ಕದ ಎರಡು ಕೂಡಿಕೊಂಡವು. ಕಣ ಹುಟ್ಟುತ್ತಿದೆ, ಕಣ್ಣೆದುರೇ ಹುಟ್ಟುತ್ತಿದೆ ಎಂದು ಇಬ್ಬರೂ ಕುರ್ಚಿಯ ಅಂಚಿಗೆ ಬಂದಿದ್ದರು. ಅವರ ಖುಷಿ ನನಗೂ ತಾಗಿತು.

ಉಪಕರಣ ನಡೆಸುತ್ತಿದ್ದವರು ಕಿರಣವನ್ನು ಮುಚ್ಚಿ, ಅದುವರೆಗೆ ನೋಡಿರದ ಪಕ್ಕದ ಜಾಗಕ್ಕೆ ಸರಿಸಿ, ಕಿರಣ ಕಡಿಮೆ ಮಾಡಿ ಒಂದೇ ಚಿತ್ರ ತೆಗೆದರು. ಅಲ್ಲಿ ಆ ಸಣ್ಣ ಚುಕ್ಕೆ ಇರಲಿಲ್ಲ. ಅದೇ ಜಾಗದ ಮೇಲೆ ಕಿರಣ ಬಿಟ್ಟು ಕಾದರು. ಚುಕ್ಕೆ ಬಂತು. ಆಮೇಲೆ ಕಣ ಇರಬಾರದ ಗ್ರಿಡ್ ಹಾಕಿದೆವು. ಅಲ್ಲೂ ಮೊದಲ ಚಿತ್ರದಲ್ಲಿ ಏನೂ ಇಲ್ಲ, ಕಿರಣ ತಾಗಿದ ಮೇಲೆ ಚುಕ್ಕೆಗಳ ಸುಗ್ಗಿ. ಬರೀ ಕಷಾಯದ ಗ್ರಿಡ್‌ನಲ್ಲಿ ಎಷ್ಟು ಹೊತ್ತು ಕಾದರೂ ಚುಕ್ಕೆ ಇಲ್ಲ. ತೊಳೆದ ಮೇಲೂ ತೇಪೆಯಲ್ಲಿ ಉಳಿದಿದ್ದ ಬೆಳ್ಳಿ ಅಯಾನನ್ನು ಕಿರಣವೇ ಲೋಹವಾಗಿಸುತ್ತಿತ್ತು. ಕಾಫಿಗೆ ಅದರಲ್ಲಿ ಪಾತ್ರ ಇರಲಿಲ್ಲ.

ಹಳೆಯ ವರದಿಯ ಚಿತ್ರಗಳಲ್ಲಿ 2 ನ್ಯಾನೋಮೀಟರ್‌ನ ತುಂಬಾ ಕಣಗಳನ್ನು ಗಾತ್ರದ ಪಟ್ಟಿಗೆ ಸೇರಿಸಲಾಗಿತ್ತು. ಅವನ್ನು ತೆಗೆದುಹಾಕಲು ನಿರ್ಧರಿಸಿದೆವು. ಅಂದಿನಿಂದ ನಿಯಮ ಒಂದೇ: ಅಳತೆಗೆ ತೆಗೆದುಕೊಳ್ಳುವ ಪ್ರತಿ ಚಿತ್ರವೂ ಹೊಸ ಜಾಗದ್ದಾಗಿರಬೇಕು, ಆ ಜಾಗದ ಮೊದಲ ಚಿತ್ರವಾಗಿರಬೇಕು.

20 ನಿಮಿಷದ ಗ್ರಿಡ್‌ನಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಹತ್ತಾರು ನ್ಯಾನೋಮೀಟರ್ ಅಗಲದ, ಆಕಾರ ಸರಿಯಿಲ್ಲದ ಮಸುಕು ಉಂಡೆಗಳು. ಕಿರಣ ತಾಗಿದರೆ ಸಾಕು, ನೊರೆಯೇಳುವಂತೆ ಕದಲಿ ಮೈಯೆಲ್ಲ ಕಪ್ಪು ಕಾಳುಗಳಾದವು. ಸಿಲ್ವರ್ ಕ್ಲೋರೈಡ್ ನಡೆದುಕೊಳ್ಳುವುದೇ ಹೀಗೆ. ಬೆಳಕಿಗೂ ಒಡೆಯುವ ವಸ್ತು ಅದು. ಇಡಿಎಸ್‌ನಲ್ಲಿ ಕ್ಲೋರಿನ್ ಹುಡುಕಿದೆವು. ಅದರ ರೇಖೆ 2.62 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ, ಬೆಳ್ಳಿಯ ಮುಖ್ಯ ರೇಖೆ 2.98ರಲ್ಲಿ. ಆದರೆ ಬೆಳ್ಳಿಯದ್ದೇ ಒಂದು ಸಣ್ಣ ರೇಖೆಯೂ 2.63ರಲ್ಲಿ ಬರುತ್ತದೆ. ಹಾಗಾಗಿ ಸಣ್ಣ ಉಬ್ಬು ಕಂಡ ಕೂಡಲೇ ಕ್ಲೋರಿನ್ ಎನ್ನುವಂತಿಲ್ಲ. ಶುದ್ಧ ಬೆಳ್ಳಿ ಕಣದ ಸ್ಪೆಕ್ಟ್ರಮ್ ಪಕ್ಕದಲ್ಲಿಟ್ಟು ಹೋಲಿಸಿದಾಗ ಉಂಡೆಯ ಉಬ್ಬು ಅದಕ್ಕಿಂತ ಎಷ್ಟೋ ಎತ್ತರ ಇತ್ತು. ನೋಟ್‌ಬುಕ್ಕಿನ ಬಿಳಿ ಮಬ್ಬು ಇದೇ.

ಎಲ್ಲ ಸ್ಪೆಕ್ಟ್ರಮ್‌ನಲ್ಲೂ 8.05ರಲ್ಲಿ ಎದ್ದು ಕಾಣುತ್ತಿದ್ದದ್ದು ತಾಮ್ರ. ಅದು ಗ್ರಿಡ್‌ನದ್ದು. ಹಳೆಯ ವರದಿಯಲ್ಲಿ ಅದನ್ನು ‘ಕಾಫಿಯಲ್ಲಿನ ಖನಿಜ’ ಎಂದು ಗುರುತಿಸಲಾಗಿತ್ತು.

ಒಂದೊಂದು ಕಣದೊಳಗೆ

ಈಗ ಮುಖ್ಯ ಪ್ರಶ್ನೆ. ಕಿರಣವನ್ನು ಸೂಜಿಮೊನೆಗಿಂತ ಎಷ್ಟೋ ಚೂಪಾಗಿಸಿ ಕಣದ ಮೇಲೆ ಸಾಲುಸಾಲಾಗಿ ಹಾಯಿಸುವ ಸ್ಟೆಮ್ ವಿಧಾನಕ್ಕೆ ಹೋದೆವು. ಇಲ್ಲಿ ಪರಮಾಣು ಸಂಖ್ಯೆ ಜಾಸ್ತಿ ಇದ್ದಷ್ಟು ಹೊಳಪು ಜಾಸ್ತಿ. ಚಿನ್ನ 79, ಬೆಳ್ಳಿ 47. ಅದೇ ದಪ್ಪದಲ್ಲಿ ಚಿನ್ನ ಎರಡು ಪಟ್ಟಿಗಿಂತ ಜಾಸ್ತಿ ಹೊಳೆಯುತ್ತದೆ.

ಕಷಾಯದ ಕಣಗಳು ಇಲ್ಲಿ ಬಹಳ ಕಾಡಿದವು. ಮೇಲೆ ಅಂಟಿದ ಸಾವಯವ ವಸ್ತು ಕಿರಣದ ಬುಡಕ್ಕೆ ಹರಿದು ಬಂದು ಇಂಗಾಲವಾಗಿ ಗಟ್ಟಿಯಾಗುತ್ತದೆ. ಹಾಯಿಸಿದ ಜಾಗ ಚೌಕಾಕಾರದಲ್ಲಿ ಮಬ್ಬಾಗಿ ಎದ್ದು ನಿಲ್ಲುತ್ತದೆ, ಕಣ ಮಸುಕಾಗುತ್ತದೆ. ಮತ್ತೆ ಕಣಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಚೆನ್ನಾಗಿ ತೊಳೆದು ಹೊಸ ಗ್ರಿಡ್ ಮಾಡಿ, ಪ್ಲಾಸ್ಮಾ ಶುದ್ಧಿ ಮಾಡಿಸಿದ ಮೇಲೆಯೇ ಓದಬಹುದಾದ ನಕ್ಷೆ ಬಂದದ್ದು.

ಒಂದು ನಿಮಿಷದ ಕಣಗಳಲ್ಲಿ ಚಿನ್ನವೇ ಬಹುಪಾಲು, ಬೆಳ್ಳಿ ಗುರುತು ಮಾತ್ರ. ಐದು ನಿಮಿಷಕ್ಕೆ ಕಣ ಸುಮಾರು 8 ನ್ಯಾನೋಮೀಟರ್, ಬೆಳ್ಳಿ ಆಗಲೂ ಸ್ವಲ್ಪವೇ. ಅರವತ್ತಕ್ಕೆ ಬರುವಷ್ಟರಲ್ಲಿ ಕಣ 10ಕ್ಕೆ ಕೊಂಚ ಕಡಿಮೆ, ಬೆಳ್ಳಿ ಗಣನೀಯ. ಒಂದು ಲೆಕ್ಕ ಹಾಕಿ ನೋಡಿದೆವು. ಎರಡೂ ಲೋಹದ ಪರಮಾಣು ಹಿಡಿಯುವ ಜಾಗ ಹೆಚ್ಚುಕಡಿಮೆ ಒಂದೇ. 8 ನ್ಯಾನೋಮೀಟರ್ ಚಿನ್ನದ ಕಣಕ್ಕೆ ಅಷ್ಟೇ ಸಂಖ್ಯೆಯ ಬೆಳ್ಳಿ ಪರಮಾಣು ಸುತ್ತಿದರೆ ವ್ಯಾಸ ಸುಮಾರು 10 ಆಗುತ್ತದೆ, ಹೊದಿಕೆ ಒಂದೇ ನ್ಯಾನೋಮೀಟರ್ ದಪ್ಪ. ಸ್ವಲ್ಪ ಬೆಳ್ಳಿ ಕ್ಲೋರೈಡ್ ಆಗಿ ಹೋಗಿದ್ದರಿಂದ 10ಕ್ಕಿಂತ ಕಡಿಮೆ. ಅಳತೆ ಮತ್ತು ಲೆಕ್ಕ ಹೊಂದಿಕೊಂಡವು.

ಕಣದ ಅಡ್ಡಕ್ಕೆ ಎಳೆದ ಗೆರೆಯ ಅಳತೆ ಇನ್ನೂ ಸ್ಪಷ್ಟ. ಚಿನ್ನದ ಸಂಕೇತ ನಡುವೆ ಎತ್ತರ, ಅಂಚಿಗೆ ಇಳಿಕೆ. ಬೆಳ್ಳಿಯದ್ದು ಎರಡು ಅಂಚಿನಲ್ಲಿ ಉಬ್ಬು, ನಡುವೆ ತಗ್ಗು. ನಡುವೆ ಅದು ಸೊನ್ನೆ ಆಗುವುದಿಲ್ಲ, ಯಾಕೆಂದರೆ ಕಿರಣ ಮೇಲಿನ ಮತ್ತು ಕೆಳಗಿನ ಹೊದಿಕೆಯನ್ನು ಹಾದೇ ಹೋಗುತ್ತದೆ. ಪೂರ್ತಿ ಬೆರೆತ ಕಣವಾಗಿದ್ದರೆ ಎರಡೂ ಗೆರೆ ಒಂದೇ ಆಕಾರದಲ್ಲಿ ಏರಿ ಇಳಿಯಬೇಕಿತ್ತು. ಒಂದು ಕಣ ನೋಡಿ ಹೇಳಿದ್ದಲ್ಲ ಇದು. ಪ್ರತಿ ಗ್ರಿಡ್‌ನಲ್ಲೂ ಬೇರೆ ಬೇರೆ ಚೌಕಗಳಿಂದ ಹಲವು ಕಣ ತೆಗೆದುಕೊಂಡೆವು, ಚಂದ ಕಂಡದ್ದನ್ನು ಆರಿಸದೆ ಸಾಲಿನಲ್ಲಿ ಬಂದದ್ದನ್ನೇ.

ಹೋಲಿಕೆಗೆ ಇನ್ನೊಂದು ಮಾದರಿ ಬೇಕು ಎಂದು ನಾನು ಹಟ ಹಿಡಿದೆ. ಅದೇ ಎರಡು ಉಪ್ಪು, ಹತ್ತು ಪಟ್ಟು ತೆಳು ಮಾಡಿ, ಸಿಟ್ರೇಟ್ ಜೊತೆ, ತಣ್ಣಗಿನ ಸೋಡಿಯಂ ಬೋರೋಹೈಡ್ರೈಡ್ ಒಮ್ಮೆಗೇ ಸುರಿದು. ಅದು ಬಲವಾದ ಅಪಕರ್ಷಕ. ಮೊದಲು ಚಿನ್ನ, ಆಮೇಲೆ ಬೆಳ್ಳಿ ಎನ್ನಲು ಬಿಡುವೇ ಕೊಡುವುದಿಲ್ಲ. ಆ ಕಣಗಳಲ್ಲಿ ಎರಡು ಗೆರೆಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ಶಿಖರವೂ 460ರ ಕಡೆಗೆ ಸರಿದಿತ್ತು. ಅದೇ ಉಪಕರಣ, ಅದೇ ಅಳತೆ, ಎರಡು ಬೇರೆ ಉತ್ತರ. ಕಾಫಿ ಕಣದ ಹೊದಿಕೆ ಉಪಕರಣದ ಭ್ರಮೆ ಅಲ್ಲ ಎಂದು ಆಗ ಧೈರ್ಯವಾಗಿ ಹೇಳಬಹುದಾಯಿತು.

ವರದಿ ಏನಾಯಿತು

ಶೀರ್ಷಿಕೆ ಬದಲಾಯಿತು. ಕಾಫಿ ಕಷಾಯದಲ್ಲಿ ಚಿನ್ನದ ಒಳಭಾಗ, ಬೆಳ್ಳಿಯ ಹೊದಿಕೆ ಇರುವ ಕಣಗಳು ಎಂದು ಬರೆದರು. ಕ್ಲೋರೈಡ್ ಉಂಡೆಗಳ ಚಿತ್ರ, ಕಿರಣ ಹುಟ್ಟಿಸಿದ ಚುಕ್ಕೆಗಳ ಚಿತ್ರ, ಖಾಲಿ ಗ್ರಿಡ್‌ಗಳು, ನೋಟ್‌ಬುಕ್ಕಿನ ಆ ಸಾಲು ಎಲ್ಲವನ್ನೂ ಒಳಗೆ ಸೇರಿಸಿದರು. ಮಿಶ್ರಲೋಹ ಆಗಲಿಲ್ಲವಲ್ಲ ಎಂಬ ಬೇಸರ ಅವರಿಗೆ ಸ್ವಲ್ಪ ದಿನ ಇತ್ತು. ನನ್ನ ಪ್ರಕಾರ ಮೊದಲಿನ ವರದಿಗಿಂತ ಇದು ಎಷ್ಟೋ ಮೇಲು. ನಾಲ್ಕನೇ ಶತಮಾನದ ರೋಮನ್ ಗಾಜಿನ ಲೈಕರ್ಗಸ್ ಬಟ್ಟಲು ಹೊರಗಿನ ಬೆಳಕಿಗೆ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು ಕಾಣುತ್ತದೆ. ಅದರೊಳಗೆ ಚಿನ್ನ-ಬೆಳ್ಳಿ ಮಿಶ್ರಲೋಹದ ಕಣಗಳಿವೆ ಎಂದು 1990ರಲ್ಲಿ ತೋರಿಸಿಕೊಟ್ಟದ್ದೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ. ಬಣ್ಣ ಸಾವಿರಾರು ಜನ ನೋಡಿದ್ದರು, ಕಾರಣ ತಿಳಿದದ್ದು ಕಣದೊಳಗೆ ನೋಡಿದ ಮೇಲೆ.

ಇನ್ನೊಂದು ಪ್ರಶ್ನೆ ಬಾಕಿ ಇದೆ. ಇಷ್ಟು ಸಣ್ಣ ಕಣಗಳಲ್ಲಿ ಚಿನ್ನ-ಬೆಳ್ಳಿ ಒಂದರೊಳಗೊಂದು ಸೇರುವುದು ದೊಡ್ಡ ಗಟ್ಟಿಯಲ್ಲಿ ಆಗುವುದಕ್ಕಿಂತ ಬೇಗ. ಕಾಫಿ ಕಣಗಳನ್ನು ಇನ್ನಷ್ಟು ಹೊತ್ತು ಬಿಸಿಯಲ್ಲಿ ಇಟ್ಟರೆ ಹೊದಿಕೆ ಒಳಗೆ ಇಳಿದು ನಿಜವಾದ ಮಿಶ್ರಲೋಹ ಆಗಬಹುದಾ? ಈಗಿನ ಬ್ಯಾಚಿನವರು ಅದನ್ನೇ ಕೈಗೆತ್ತಿಕೊಂಡಿದ್ದಾರೆ. ಬಿಸಿ ಮಾಡಿದ ಮಾದರಿ, ಬಿಸಿ ಮಾಡದ ಮಾದರಿ, ಎರಡು ಖಾಲಿ ಗ್ರಿಡ್: ಪೆಟ್ಟಿಗೆ ಸಿದ್ಧವಾಗಿದೆ, ಸೂಕ್ಷ್ಮದರ್ಶಕದ ಸರದಿಗೆ ಕಾಯುತ್ತಿದ್ದೇವೆ.